ಒಂದೇ ಮುಖ, 250 ಪ್ರತಿ: ಪಾಪ್ ಕಲೆಯ ಸಿಲ್ಕ್‌ಸ್ಕ್ರೀನ್ ಮುದ್ರಣ

ಮದುವೆಯ ಆಹ್ವಾನ ಪತ್ರಿಕೆ, ಬಟ್ಟೆಯ ಬ್ಯಾನರುಗಳಿಗೆ ಬಳಸುವ ಸ್ಕ್ರೀನ್ ಪ್ರಿಂಟಿಂಗ್ ವಿಧಾನ ನಮ್ಮ ಊರುಗಳಿಗೆ ಹೊಸದಲ್ಲ. ಇದೇ ವಾಣಿಜ್ಯ ತಂತ್ರವನ್ನು 1962ರಲ್ಲಿ ಕೈಗೆತ್ತಿಕೊಂಡ ಅಮೆರಿಕದ ಕಲಾವಿದ ಆ್ಯಂಡಿ ವಾರ್ಹೊಲ್ (1928-1987), ಅದನ್ನು ಪಾಪ್ ಕಲೆಯ ಪ್ರಮುಖ ಮಾಧ್ಯಮವನ್ನಾಗಿಸಿದರು.

ವಿಧಾನ

ಚೌಕಟ್ಟಿಗೆ ಬಿಗಿದ ರೇಷ್ಮೆ ಅಥವಾ ಕೃತಕ ನೂಲಿನ ಜಾಲರಿಗೆ ಬೆಳಕಿಗೆ ಸ್ಪಂದಿಸುವ ದ್ರಾವಣವನ್ನು ಲೇಪಿಸಿ, ಅದರ ಮೇಲೆ ಛಾಯಾಚಿತ್ರದ ಪಾರದರ್ಶಕ ಪ್ರತಿಯನ್ನಿಟ್ಟು ಬೆಳಕು ಹಾಯಿಸಲಾಗುತ್ತದೆ. ಬೆಳಕು ತಾಗಿದ ಭಾಗ ಗಟ್ಟಿಯಾಗುತ್ತದೆ. ಉಳಿದದ್ದು ನೀರಿನಲ್ಲಿ ತೊಳೆದುಹೋಗುತ್ತದೆ. ತೆರೆದುಕೊಂಡ ರಂಧ್ರಗಳ ಮೂಲಕ ರಬ್ಬರ್ ಪಟ್ಟಿಯಿಂದ ಶಾಯಿಯನ್ನು ಒತ್ತಿದಾಗ ಚಿತ್ರ ಕಾಗದಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೂ ಒಂದೊಂದು ಪರದೆ ಬೇಕು.

ಮಿತಿಯ ಮೌಲ್ಯ

ಒಂದೇ ಪರದೆಯಿಂದ ನೂರಾರು ಪ್ರತಿಗಳು ಸಾಧ್ಯ. ಆದ್ದರಿಂದ ಸಂಖ್ಯೆಯ ಮಿತಿ ಕೇವಲ ತಂತ್ರದ್ದಲ್ಲ, ಕಲಾವಿದ ಮತ್ತು ಪ್ರಕಾಶಕರ ನಿರ್ಧಾರ. 1967ರಲ್ಲಿ ನ್ಯೂಯಾರ್ಕಿನ ಫ್ಯಾಕ್ಟರಿ ಅಡಿಷನ್ಸ್ ಪ್ರಕಟಿಸಿದ 'ಮರ್ಲಿನ್' ಸಂಪುಟ ಇದಕ್ಕೆ ಉತ್ತಮ ನಿದರ್ಶನ. 1953ರ 'ನಯಾಗರಾ' ಚಲನಚಿತ್ರದ ಪ್ರಚಾರ ಛಾಯಾಚಿತ್ರವನ್ನು ಆಧರಿಸಿದ ಇದರಲ್ಲಿ ಬೇರೆ ಬೇರೆ ವರ್ಣ ಸಂಯೋಜನೆಯ 10 ಮುದ್ರಣಗಳಿವೆ. ಪ್ರತಿಯೊಂದೂ 36 ಅಂಗುಲದ ಚೌಕ. ಮುದ್ರಿಸಿದ್ದು 250 ಸಂಪುಟ. ಹಿಂಬದಿಯಲ್ಲಿ ಪೆನ್ಸಿಲಿನ ಸಹಿ ಹಾಗೂ ರಬ್ಬರ್ ಮೊಹರಿನ ಕ್ರಮಸಂಖ್ಯೆ ಇವೆ.

ಅಸಲು ಯಾವುದು?

1970ರ ದಶಕದಲ್ಲಿ ಇದೇ ಚಿತ್ರಗಳು ಯುರೋಪಿನಲ್ಲಿ 'ಸಂಡೇ ಬಿ. ಮಾರ್ನಿಂಗ್' ಹೆಸರಿನಲ್ಲಿ ಮತ್ತೆ ಮುದ್ರಣಗೊಂಡವು. ಕೊಂಡವರೇ ಸಹಿ ಹಾಕಿಕೊಳ್ಳಲಿ ಎಂಬರ್ಥದ ಮೊಹರು ಅವುಗಳ ಹಿಂಬದಿಯಲ್ಲಿತ್ತು. ನೋಟದಲ್ಲಿ ಹೆಚ್ಚು ಅಂತರವಿಲ್ಲ, ಬೆಲೆಯಲ್ಲಿ ಅಜಗಜಾಂತರ. ಕೃತಿಗಳ ಅಸಲುತನವನ್ನು ನಿರ್ಣಯಿಸಲು 1995ರಲ್ಲಿ ಸ್ಥಾಪನೆಯಾದ ಮಂಡಳಿ, ತಾನು ಒಪ್ಪದ ಕೃತಿಗಳ ಹಿಂಬದಿಗೆ ನಿರಾಕರಣೆಯ ಮೊಹರು ಒತ್ತುತ್ತಿತ್ತು. ವ್ಯಾಜ್ಯಗಳ ಬಳಿಕ 2012ರಲ್ಲಿ ಅದು ಮುಚ್ಚಿತು. ಹೀಗಾಗಿ ಇಂದು ಕೊಳ್ಳುವವರಿಗೆ ಫೆಲ್ಡ್‌ಮನ್ ಮತ್ತು ಶೆಲ್‌ಮನ್ ಸಂಪಾದಿತ ಸಮಗ್ರ ಸೂಚಿ ಹಾಗೂ ಕೃತಿಯ ಒಡೆತನದ ದಾಖಲೆಗಳೇ ಮುಖ್ಯ ಆಧಾರ.

ಛಾಯಾಗ್ರಾಹಕರ ಹಕ್ಕು

ಮೂಲ ಚಿತ್ರದ ಒಡೆತನವೂ ವಿವಾದಕ್ಕೆ ಹೊರತಾಗಿಲ್ಲ. ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ತೆಗೆದ ಗಾಯಕ ಪ್ರಿನ್ಸ್ ಅವರ ಛಾಯಾಚಿತ್ರವನ್ನು ಆಧರಿಸಿ ವಾರ್ಹೊಲ್ ಸರಣಿಯೊಂದನ್ನು ರಚಿಸಿದ್ದರು. ಅದರ ಒಂದು ಕೃತಿಯನ್ನು ವಾರ್ಹೊಲ್ ಪ್ರತಿಷ್ಠಾನವು 2016ರಲ್ಲಿ ನಿಯತಕಾಲಿಕ ಸಂಸ್ಥೆಯೊಂದಕ್ಕೆ ಶುಲ್ಕ ಪಡೆದು ನೀಡಿತು. ಈ ಬಳಕೆಯ ಉದ್ದೇಶ 'ನ್ಯಾಯೋಚಿತ ಬಳಕೆ'ಯ ವಾದಕ್ಕೆ ಪೂರಕವಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ 7-2 ಬಹುಮತದಿಂದ ತೀರ್ಪಿತ್ತು. ಪ್ರತಿಗಳನ್ನು ಎಣಿಸಿ ಮೌಲ್ಯ ಕಟ್ಟುವ ಈ ಕಲೆಯಲ್ಲಿ ಮೊದಲ ಚಿತ್ರ ಯಾರದೆಂಬುದೂ ಇನ್ನು ಲೆಕ್ಕಕ್ಕೆ ಬರಲಿದೆ.