ಮೂಲಿಯೋ, ಮೂಲಗೇಣಿಯೋ?

ಮಂಗಳೂರಿನ ಫಳ್ನೀರಿನಲ್ಲಿ ಹಳೆಯ ಮನೆಯೊಂದು ಮಾರಾಟಕ್ಕೆ ಬಂತೆಂದರೆ ತಿಳಿದವರು ಬಾವಿಯಲ್ಲಿ ನೀರುಂಟೇ, ದಾರಿ ಎಷ್ಟು ಅಗಲ ಎಂದು ವಿಚಾರಿಸುವ ಮೊದಲೇ ಒಂದು ಮಾತು ಕೇಳುತ್ತಾರೆ: ಜಾಗ ಮೂಲಿಯೋ, ಮೂಲಗೇಣಿಯೋ? ಘಟ್ಟದ ಮೇಲಿನಿಂದ ಬಂದವರಿಗೆ ಈ ಪ್ರಶ್ನೆಯ ತಲೆಬುಡ ಗೊತ್ತಾಗುವುದಿಲ್ಲ. ಮೂಲಿ ಎಂದರೆ ನೆಲವೂ ನಿಮ್ಮದು. ಮೂಲಗೇಣಿಯಾದರೆ ಮನೆ ನಿಮ್ಮದು, ಬಾವಿ ನಿಮ್ಮದು, ಹಿತ್ತಿಲಿನ ತೆಂಗು ಹಲಸು ನಿಮ್ಮವು, ನಿಮ್ಮ ನಂತರ ಮಕ್ಕಳಿಗೆ ಬರುತ್ತದೆ, ಯಾರೂ ಎಬ್ಬಿಸುವಂತಿಲ್ಲ. ಅಡಿಯ ನೆಲ ಮಾತ್ರ ಇನ್ನೊಬ್ಬರದು. ಅದಕ್ಕೆ ವರ್ಷಕ್ಕೊಮ್ಮೆ ಗೇಣಿ ಸಲ್ಲಬೇಕು.

ನನ್ನ ತಂದೆ ದಸ್ತಾವೇಜು ಬರೆಯುತ್ತಿದ್ದವರು. ಹೈಸ್ಕೂಲಿನಲ್ಲಿದ್ದಾಗಲೇ ಅವರ ಕರಡುಗಳನ್ನು ನಾನು ಶುದ್ಧಪ್ರತಿ ಮಾಡಿಕೊಡುತ್ತಿದ್ದೆ. ಮುಂದೆ ಅದೇ ನನ್ನ ಕಸುಬೂ ಆಯಿತು. ಹೆಣ್ಣುಮಗಳು ದಸ್ತಾವೇಜು ಬರೆಯಲು ಕೂರುವುದು ಆಗ ಅಪರೂಪ. ಆದರೂ ಅಕ್ಷರ ದುಂಡಗಿದೆ, ಚಕ್ಕುಬಂದಿ ತಪ್ಪುವುದಿಲ್ಲ ಎಂದು ಜನ ಬಂದರು. ಮಂಗಳೂರಿನ ಮನೆಗಳ ಚರಿತ್ರೆ ಹೇಳುವವರೆಲ್ಲ ಹಂಚಿನಿಂದ ಶುರುಮಾಡುತ್ತಾರೆ. ನಾನು ಕಾಗದದಿಂದ ಶುರುಮಾಡುತ್ತೇನೆ. ಕಾಗದ ಗಟ್ಟಿಯಾದ ಮೇಲೆಯೇ ಫಳ್ನೀರಿನಲ್ಲಿ ಗೋಡೆ ಎದ್ದದ್ದು ಎಂಬುದು ಅಷ್ಟು ವರ್ಷ ಹಳೆ ಪತ್ರಗಳನ್ನು ಓದಿ ನಾನು ಕಂಡುಕೊಂಡ ಸಂಗತಿ.

ಟಿಪ್ಪುವಿನ ಪತನದ ನಂತರ 1799ರಲ್ಲಿ ಕೆನರಾ ಜಿಲ್ಲೆ ಕಂಪೆನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಇಲ್ಲಿಯ ಭೂಮಿ ಸರ್ಕಾರದ್ದಲ್ಲ, ತಲೆತಲಾಂತರದಿಂದ ಖಾಸಗಿಯವರ ಸ್ವತ್ತು ಎಂದು ಅವನು ಮೇಲಿನವರಿಗೆ ವರದಿ ಮಾಡಿದ. ಒಂದೊಂದು ಹಿಡುವಳಿಗೂ ‘ವರ್ಗ’ ಎಂಬ ಹೆಸರಿತ್ತು. ಸರ್ಕಾರಕ್ಕೆ ತೀರ್ವೆ ಕಟ್ಟುವವನು ವರ್ಗದಾರ, ಒಕ್ಕಲುಗಳ ಬಾಯಲ್ಲಿ ಧಣಿ. ಧಣಿಯ ಕೈಕೆಳಗೆ ಎರಡು ಬಗೆಯ ಒಕ್ಕಲು. ಚಾಲಗೇಣಿಯವನನ್ನು ಧಣಿ ಬೇಕಾದಾಗ ಎಬ್ಬಿಸಬಹುದಿತ್ತು, ಗೇಣಿ ಏರಿಸಬಹುದಿತ್ತು. ಮೂಲಗೇಣಿಯವನ ಗೇಣಿ ಬರೆದ ದಿನ ಎಷ್ಟೋ ಕೊನೆತನಕವೂ ಅಷ್ಟೇ. ಮುಂದೆ ಕೆನರಾ ಎರಡು ಹೋಳಾಗಿ 1862ರಲ್ಲಿ ಉತ್ತರದ ಭಾಗ ಮುಂಬೈಗೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. 1894ರಲ್ಲಿ ಜೆ. ಸ್ಟುರಾಕ್ ಬರೆದ ಜಿಲ್ಲಾ ಕೈಪಿಡಿಯಲ್ಲೂ ಈ ಗೇಣಿ ಪದ್ಧತಿಯ ವಿವರ ಬರುತ್ತದೆ.

ಗದ್ದೆ ತೋಟಗಳಿಗೆಂದು ಹುಟ್ಟಿದ ಪದ್ಧತಿ ಪೇಟೆಯ ಅಂಚಿಗೆ ಬಂದದ್ದು ಪೇಟೆ ಬೆಳೆದಾಗ. ಫಳ್ನೀರು ರಸ್ತೆ ಹಂಪನಕಟ್ಟೆಯಲ್ಲಿ ಮಿಲಾಗ್ರಿಸ್ ಇಗರ್ಜಿಯ ಬಳಿ ಹೊರಟು ಕಂಕನಾಡಿಯ ಕಡೆಗೆ ಸಾಗುತ್ತದೆ. ಈಗ ಅದಕ್ಕೆ ಮದರ್ ತೆರೇಸಾ ರಸ್ತೆ ಎಂಬ ಹೆಸರು. 1680ರಲ್ಲಿ ಸ್ಥಾಪನೆಯಾದ ಆ ಇಗರ್ಜಿ 1784ರಲ್ಲಿ ನೆಲಸಮವಾಗಿ, ಟಿಪ್ಪು ಒಯ್ದಿದ್ದ ಕ್ರೈಸ್ತರು ಶ್ರೀರಂಗಪಟ್ಟಣದ ಸೆರೆಯಿಂದ ಮರಳಿದ ಮೇಲೆ ಮತ್ತೆ ಎದ್ದು ನಿಂತಿತು. 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರ ಔಷಧಾಲಯ ಶುರುವಾಯಿತು. 1907ರಲ್ಲಿ ರೈಲು ಮಂಗಳೂರಿಗೆ ಬಂತು, ನಿಲ್ದಾಣ ಕೆಳಗಡೆ ಅತ್ತಾವರದ ಬದಿಗೆ. ಇಗರ್ಜಿ, ಆಸ್ಪತ್ರೆ, ರೈಲು ಈ ಮೂರರ ನಡುವಿನ ಏರುತಗ್ಗು ನೆಲ ಫಳ್ನೀರು. ಕಚೇರಿ ಗುಮಾಸ್ತರು, ಶಾಲೆಯ ಮಾಸ್ತರರು, ಬಂದರಿನ ವ್ಯಾಪಾರಿಗಳು ಮನೆ ಕಟ್ಟಲು ಇಲ್ಲಿ ಜಾಗ ಹುಡುಕತೊಡಗಿದರು. ಅಷ್ಟು ಹಣ ಒಮ್ಮೆಗೇ ಕೊಟ್ಟು ಮೂಲಿ ಕೊಳ್ಳುವ ಶಕ್ತಿ ಹೆಚ್ಚಿನವರಿಗಿರಲಿಲ್ಲ. ಪೂರ್ವಿಕರ ನೆಲ ಮಾರುವುದೆಂದರೆ ಧಣಿಗಳಿಗೂ ಮನಸ್ಸಿರಲಿಲ್ಲ. ಇಬ್ಬರ ಮಾನವನ್ನೂ ಕಾಯ್ದದ್ದು ಮೂಲಗೇಣಿ ಚೀಟು ಎಂಬ ಪತ್ರ.

ಆ ಚೀಟುಗಳನ್ನು ಎಷ್ಟು ಓದಿದರೂ ನನಗೆ ತೃಪ್ತಿಯಿಲ್ಲ. ಬರೆಸಿಕೊಳ್ಳುವವನು ಮನೆಯಲ್ಲಿ ಕೊಂಕಣಿ ಆಡುವವನು, ಬರೆದುಕೊಡುವ ಧಣಿ ತುಳುವಿನವನು, ಸಾಕ್ಷಿ ಹಾಕಿದವನು ಬ್ಯಾರಿ. ಪತ್ರ ಮಾತ್ರ ಅಚ್ಚ ಕನ್ನಡದಲ್ಲಿ. ನಾಲ್ಕು ಮಾತಿನ ಊರಿನಲ್ಲಿ ನಂಬಿಕೆಯ ಮಾತು ಕನ್ನಡವಾಗಿತ್ತು. ಅದನ್ನು ಬರೆದ ನನ್ನ ತಂದೆಯಂಥವರ ಬಗ್ಗೆ ನನಗೆ ಹೆಮ್ಮೆಯಿದೆ. ಮೊದಲು ವರ್ಗದ ನಂಬರು, ಸರ್ವೆ ನಂಬರು, ಎಷ್ಟು ಸೆಂಟ್ಸು. ಆಮೇಲೆ ಚಕ್ಕುಬಂದಿ: ಮೂಡಲಿಗೆ ಅಗಳು, ತೆಂಕಲಿಗೆ ದರೆ, ಪಡುವಲಿಗೆ ಇಂಥವರ ಹಿತ್ತಿಲು, ಬಡಗಲಿಗೆ ಕಾಲುದಾರಿ ಮತ್ತು ತಡಮೆ. ಜಾಗದಲ್ಲಿರುವ ಮರಗಳನ್ನೂ ಎಣಿಸಿ ಬರೆಯುತ್ತಿದ್ದರು. ಬಳಿಕ ಮುಂಗಡವಾಗಿ ಸಂದ ಹಣ, ವರ್ಷದ ಗೇಣಿ, ಅದನ್ನು ಕೊಡಬೇಕಾದ ಗಡುವು. ಕೊನೆಗೆ ನಿಮ್ಮ ಸಂತಾನ ಪರಂಪರೆಗೂ ಅನುಭವಿಸಿಕೊಂಡು ಬರುವುದು ಎಂಬರ್ಥದ ಒಕ್ಕಣೆ. ಅಲ್ಲೇ ಎಷ್ಟೋ ಪತ್ರಗಳಲ್ಲಿ ಇನ್ನೊಂದು ಸಾಲು ಅಡಗಿರುತ್ತಿತ್ತು. ಧಣಿಯ ಒಪ್ಪಿಗೆಯಿಲ್ಲದೆ ಪರಭಾರೆ ಮಾಡಕೂಡದು, ಇಲ್ಲವೇ ಮಾರುವುದಾದರೆ ಮೊದಲು ಧಣಿಗೇ ಕೇಳಬೇಕು ಎಂದು. ಬರೆಸಿದ ದಿನ ಅದನ್ನು ಯಾರೂ ದೊಡ್ಡದಾಗಿ ಕಾಣಲಿಲ್ಲ. ಮನೆಯನ್ನು ಮಾರುವ ಯೋಚನೆಯೇ ಆಗ ಯಾರಿಗಿತ್ತು?

ಈಗ ಹಂಚಿನ ವಿಷಯ. 1851ರಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯದ ಕೆಲಸಕ್ಕೆಂದು ಮಂಗಳೂರಿಗೆ ಬಂದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಒಂದರ ಅಂಚು ಇನ್ನೊಂದರ ತೋಡಿಗೆ ಕೂರುವ ಆ ಹಂಚಿನ ವಿನ್ಯಾಸಕ್ಕೆ 1841ರಲ್ಲಿ ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು ಹಕ್ಕುಪತ್ರ ಪಡೆದಿದ್ದರು. ಮಣ್ಣು ನಮ್ಮ ಹೊಳೆಗಳದು. 1868ರಲ್ಲಿ ಆಲ್ಬುಕರ್ಕ್ ಕಾರ್ಖಾನೆ ಆರಂಭವಾಯಿತು. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಬದಿಯಲ್ಲಿ ಒಂದರ ಹಿಂದೊಂದು ಚಿಮಣಿ ಎದ್ದವು. ಮೊದಲ ಮಹಾಯುದ್ಧದ ಕಾಲದಲ್ಲಿ ಮಿಷನ್ನಿನ ಕಾರ್ಖಾನೆಗಳನ್ನು ಸರ್ಕಾರ ವಶಪಡಿಸಿಕೊಂಡು, ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಇದೆಲ್ಲ ಓದುಗರಿಗೆ ಗೊತ್ತಿರುವುದೇ. ನಾನು ಸೇರಿಸಬೇಕೆಂದಿರುವುದು ಇಷ್ಟು: ಮುಳಿಹುಲ್ಲಿನ ಮಾಡನ್ನೋ ಮಡಲಿನ ಮಾಡನ್ನೋ ಚಾಲಗೇಣಿಯ ನೆಲದಲ್ಲಿ ಕಟ್ಟಬಹುದು, ಎಬ್ಬಿಸಿದರೆ ನಷ್ಟ ಸಣ್ಣದು. ಮುರಕಲ್ಲಿನ ಗೋಡೆ ಎಬ್ಬಿಸಿ, ಹಲಸಿನ ಪಕ್ಕಾಸು ಕೂರಿಸಿ, ರೀಪು ಹೊಡೆದು, ಸಾವಿರಗಟ್ಟಲೆ ಹಂಚು ಹೊದಿಸುವುದು ಮೂರು ತಲೆಮಾರಿನ ಲೆಕ್ಕದ ಕೆಲಸ. ನಾಳೆ ಹೊರಡು ಎಂದರೆ ಹೊರಡಬೇಕಾದವನು ಅಷ್ಟು ಖರ್ಚು ಹಾಕುವುದಿಲ್ಲ. ನಮ್ಮ ಬದಿಯಲ್ಲಿ ಹಂಚಿನ ಮನೆ ಇಷ್ಟು ಬೇಗ ಹಬ್ಬಿದ್ದಕ್ಕೆ ಹಂಚಿನ ಗುಣ ಎಷ್ಟು ಕಾರಣವೋ ಚೀಟಿನ ಬಲವೂ ಅಷ್ಟೇ ಕಾರಣ ಎಂದು ನಾನು ನಂಬುತ್ತೇನೆ.

ಅದಕ್ಕೆ ಹಣ? ಚಿನ್ನ ಅಡವಿಟ್ಟು ತರುವುದು, ಸಾಹುಕಾರನ ಬಡ್ಡಿ, ಇವೇ ದಾರಿ ಮೊದಲು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರುಮಾಡಿದರು, ಅದೇ ಇವತ್ತಿನ ಕೆನರಾ ಬ್ಯಾಂಕ್. 1912ರಲ್ಲಿ ಪಿ.ಎಫ್.ಎಕ್ಸ್. ಸಲ್ಡಾನ್ಹಾ ಅವರ ಮುಂದಾಳುತನದಲ್ಲಿ ಮಂಗಳೂರು ಕ್ಯಾಥೋಲಿಕ್ ಸಹಕಾರಿ ಬ್ಯಾಂಕ್ ಹುಟ್ಟಿತು, ಜನ ಎಂಸಿಸಿ ಬ್ಯಾಂಕ್ ಎನ್ನುತ್ತಾರೆ. 1931ರ ಆರ್ಥಿಕ ಕುಸಿತದ ನಡುವೆ ಎ.ಬಿ. ಶೆಟ್ಟರು ವಿಜಯಾ ಬ್ಯಾಂಕ್ ಕಟ್ಟಿದರು. ಈ ಸಂಸ್ಥೆಗಳ ಚರಿತ್ರೆಯನ್ನು ಬ್ಯಾಂಕಿಂಗ್ ಸಾಧನೆಯಾಗಿ ಬರೆದವರು ತುಂಬ ಮಂದಿ. ಅವುಗಳ ಬಾಗಿಲಿಗೆ ಹೋದ ಮನೆಯವರ ಕಡೆಯಿಂದ ಬರೆದವರು ಕಡಿಮೆ. ಸಹಕಾರಿ ಸಂಘದಲ್ಲಿ ಸಾಲ ಕೇಳಿದವನ ಮನೆತನ, ನಡತೆ, ಸಂಬಳ ಕೊಡುವವನಿಗೆ ಗೊತ್ತಿರುತ್ತಿತ್ತು. ಅದೇ ಊರಿನವರಿಬ್ಬರು ಜಾಮೀನು ನಿಲ್ಲುತ್ತಿದ್ದರು. ಮೂಲಗೇಣಿ ಚೀಟನ್ನು ಈಡಾಗಿ ಒಪ್ಪಿಕೊಳ್ಳುವಷ್ಟು ಅವರಿಗೆ ಊರಿನ ಪರಿಚಯವಿತ್ತು. ಮುಂದೆ ದೂರದ ಊರಿನಿಂದ ವರ್ಗವಾಗಿ ಬಂದ ಮ್ಯಾನೇಜರುಗಳು ‘ನೆಲ ಇವರದಲ್ಲವಲ್ಲ’ ಎಂದು ಅದೇ ಚೀಟನ್ನು ಹಿಂದಕ್ಕೆ ತಳ್ಳುವುದನ್ನು ನಾನೇ ನೋಡಿದ್ದೇನೆ.

ಮನೆಯನ್ನು ಕಾಪಾಡುವವರ ಬಳಗ ಬೇರೆಯೇ ಇತ್ತು. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಿನಲ್ಲಿ, ಮಾಡಿಗೆ ಹತ್ತಿ ಒಡೆದ ಹಂಚು ತೆಗೆದು ಹೊಸದಿಡುವವರು, ಪಕ್ಕಾಸಿಗೆ ಗೆದ್ದಲು ಹಿಡಿದಿದೆಯೇ ಎಂದು ತಟ್ಟಿ ನೋಡುವ ಆಚಾರಿ, ಬಾವಿಗಿಳಿದು ಕೆಸರು ತೆಗೆಯುವವರು. ಜೆಪ್ಪುವಿನ ಸೈಂಟ್ ಜೋಸೆಫ್ಸ್ ಆಶ್ರಮದ ಕಾರ್ಯಾಗಾರದಲ್ಲಿ ಕಲಿತ ಬಡಗಿಗಳ ಕೈಕೆಲಸಕ್ಕೆ ಒಳ್ಳೆಯ ಹೆಸರಿತ್ತು.

ಧಣಿ ಒಕ್ಕಲುಗಳ ನಡುವೆ ಮನಸ್ತಾಪ ಬಂದಾಗ ನೆನಪಾಗುತ್ತಿದ್ದದ್ದು ನಮ್ಮಂಥವರು. ಫಳ್ನೀರಿನ ವಿಧವೆಯೊಬ್ಬರು ನಮ್ಮ ಜಗಲಿಗೆ ಬಂದು ತಂದೆಯ ಮುಂದೆ ಕುಳಿತದ್ದು ನನಗೆ ಚೆನ್ನಾಗಿ ನೆನಪಿದೆ.

“ರಾಯರೇ, ಧಣಿಯ ಮಗ ಈ ಸಲ ಗೇಣಿ ಬೇಡ ಅಂತಾನೆ. ಒಳ್ಳೆಯದಾಯಿತಲ್ಲ?”

“ಒಳ್ಳೆಯದಲ್ಲ ಬಾಯಮ್ಮ. ಇವತ್ತೇ ಮನಿಯಾರ್ಡರ್ ಮಾಡಿ. ವಾಪಸು ಬಂದರೆ ಆ ಕಾಗದವನ್ನು ಹಾಗೇ ಎತ್ತಿಡಿ. ಗೇಣಿ ಬಾಕಿ ಉಂಟು ಅಂತ ನಾಳೆ ಯಾರೂ ಹೇಳಬಾರದು.”

ವರ್ಷಕ್ಕೆ ಹತ್ತು ರೂಪಾಯಿಯೂ ಇಲ್ಲದ ಗೇಣಿ ಅದು. ಅದನ್ನು ಕಳಿಸಿದ ರಸೀದಿ ಆ ಮನೆಯ ಬಂಗಾರಕ್ಕಿಂತ ಬೆಲೆಯುಳ್ಳದ್ದಾಗಿತ್ತು.

1956ರಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ ಈ ಜಿಲ್ಲೆಯನ್ನು ಬುಡದಿಂದ ಬದಲಿಸಿತು. ಒಕ್ಕಲುಗಳು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟರು. ನಮ್ಮ ಕಡೆ ಅದಕ್ಕೆ ‘ಡಿಕ್ಲರೇಶನ್ ಕೊಡುವುದು’ ಎಂದೇ ಹೆಸರು. ಭೂನ್ಯಾಯ ಮಂಡಳಿಗಳ ಮುಂದೆ ವಾದ ನಡೆದು, ಗದ್ದೆ ಉಳುತ್ತಿದ್ದವನೇ ಗದ್ದೆಯ ಒಡೆಯನಾದ. ಅದು ಆಗಲೇಬೇಕಾಗಿದ್ದ ನ್ಯಾಯ. ಆದರೆ ಕಾಯಿದೆ ಕೃಷಿಭೂಮಿಯದು. ಪೇಟೆಯ ಮನೆಯಡಿಗಳಿಗೆ ಅದು ತಾಗಲಿಲ್ಲ. ಹಳ್ಳಿಯ ಚಾಲಗೇಣಿ ಒಕ್ಕಲು, ನಿನ್ನೆಯವರೆಗೆ ಏನೂ ಭದ್ರತೆ ಇಲ್ಲದವನು, ಭೂಮಾಲೀಕನಾದ. ಫಳ್ನೀರಿನಲ್ಲಿ ಅಷ್ಟು ಭದ್ರವಾಗಿ ಕುಳಿತಿದ್ದ ಮೂಲಗೇಣಿದಾರ ಒಕ್ಕಲಾಗಿಯೇ ಉಳಿದ. ಹಳ್ಳಿಯಲ್ಲಿ ಗದ್ದೆ ಕಳೆದುಕೊಂಡ ಧಣಿಗಳ ಮನೆಯವರು ಪೇಟೆಯಲ್ಲಿ ಉಳಿದಿದ್ದ ಹಕ್ಕನ್ನು ಇನ್ನಷ್ಟು ಬಿಗಿಯಾಗಿ ಹಿಡಿದದ್ದೂ ಸಹಜವೇ.

ಬೆಲೆಯಿಲ್ಲದಿದ್ದರೆ ಆ ಹಕ್ಕಿನ ಬಗ್ಗೆ ಜಗಳವಿರುತ್ತಿರಲಿಲ್ಲ. 1980ರಲ್ಲಿ ಮಂಗಳೂರು ಮಹಾನಗರಪಾಲಿಕೆಯಾಯಿತು, 1988ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಬಂತು. ಗಲ್ಫಿನ ದುಡ್ಡು ಬಂತು, ಆಸ್ಪತ್ರೆಗಳು ಬೆಳೆದವು, ಬಿಲ್ಡರುಗಳು ಸೆಂಟ್ಸಿನ ಲೆಕ್ಕದಲ್ಲಿ ಜಾಗ ಕೇಳತೊಡಗಿದರು. ಆಗ ಆ ಹಳೆಯ ಪರಭಾರೆಯ ಸಾಲು ಎಚ್ಚರವಾಯಿತು. ಮಕ್ಕಳೆಲ್ಲ ಕೆನಡಾ, ದುಬೈಗಳಲ್ಲಿರುವ ಮುದುಕರು ಮನೆ ಮಾರಬೇಕೆಂದರೆ ಧಣಿಯ ಮೊಮ್ಮಕ್ಕಳನ್ನು ಹುಡುಕಬೇಕು. ಅಳಿಯಸಂತಾನದ ಕುಟುಂಬವಾದರೆ ಪಾಲುದಾರರು ಮೂವತ್ತು ನಲವತ್ತು ಮಂದಿ, ಒಬ್ಬರ ಸಹಿ ಸಿಕ್ಕರೆ ಇನ್ನೊಬ್ಬರದು ಸಿಗದು. ಧಣಿಯ ಕಡೆಯ ಮಾತಿನಲ್ಲೂ ಸತ್ಯವಿದೆ. ಅಜ್ಜ ಒಪ್ಪಿದ ಹತ್ತು ರೂಪಾಯಿಗೆ ಈಗ ಒಂದು ಚಹಾ ಬರುವುದೂ ಕಷ್ಟ. ಆದರೂ ನನ್ನ ಮನಸ್ಸು ಒಕ್ಕಲಿನ ಕಡೆಗೇ ವಾಲುತ್ತದೆ. ನೂರು ವರ್ಷ ದರೆ ಕಟ್ಟಿ, ಬಾವಿ ತೋಡಿ, ಮರ ನೆಟ್ಟು ಆ ನೆಲಕ್ಕೆ ಬೆಲೆ ತಂದವರು ಅವರು.

ಮೂಲಗೇಣಿದಾರರು ಒಟ್ಟಾಗಿ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಮೂಲಗೇಣಿ ಮತ್ತು ಅದರ ಕೆಳಗಿನ ಒಳಮೂಲಗೇಣಿ ಒಕ್ಕಲುಗಳಿಗೆ ಒಡೆತನ ನೀಡುವ 2011ರ ಕಾಯಿದೆಯನ್ನು ರಾಜ್ಯ ತಂದಿತು. ಧಣಿಗೆ ಪರಿಹಾರ ಸಲ್ಲಿಸಿ ಮೂಲಿ ಹಕ್ಕು ಪಡೆಯುವ ದಾರಿ ಅದು. ಈ ನಡುವೆ ನಗರದ ಆಸ್ತಿಗಳನ್ನು ಹೊಸದಾಗಿ ಅಳೆದು ‘ಪ್ರಾಪರ್ಟಿ ಕಾರ್ಡ್’ ಕೊಡುವ ಯೋಜನೆಗೆ ಮಂಗಳೂರನ್ನೂ ಆರಿಸಿಕೊಂಡರು. ಒಕ್ಕಲುತನವನ್ನು ಕಾರ್ಡಿನ ಯಾವ ಕಾಲಮ್ಮಿನಲ್ಲಿ ಬರೆಯಬೇಕು ಎಂದು ಕೇಳಿಕೊಂಡು ಜನ ಮತ್ತೆ ನನ್ನ ಬಳಿ ಬಂದರು. ಆಗ ಬೇಕಾದದ್ದು ಮೊದಲ ಚೀಟು. ಅದು ಹೆಚ್ಚಿನವರ ಹತ್ತಿರ ಇರಲಿಲ್ಲ.

ನನ್ನ ಸಂಕಟ ಇಲ್ಲಿದೆ. ಹಂಚಿನ ಚರಿತ್ರೆಯನ್ನು ನಾವು ಇಷ್ಟು ವಿವರವಾಗಿ ಹೇಳಬಲ್ಲೆವಾದರೆ ಅದಕ್ಕೆ ಕಾರಣ ಬಾಸೆಲ್ ಮಿಷನ್ ತನ್ನ ಕಾಗದಗಳನ್ನು ಎಸೆಯದೆ ಇಟ್ಟದ್ದು. ಬಾಸೆಲ್ ನಗರದಲ್ಲಿ ಅವು ಇವೆ, ಇಲ್ಲೇ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲೂ ಇವೆ. ಮನೆ ಕಟ್ಟಿದವರ ಕಾಗದಗಳಿಗೆ ಅಂಥ ಆಸರೆಯಿಲ್ಲ. ಫಳ್ನೀರಿನ ಮನೆಯೊಂದನ್ನು ಕೆಡವುವಾಗ ಹಂಚು, ಪಕ್ಕಾಸು, ಬಾಗಿಲುಗಳಿಗೆ ಗಿರಾಕಿ ಬರುತ್ತಾರೆ. ಅಟ್ಟದ ತಗಡಿನ ಪೆಟ್ಟಿಗೆಯಲ್ಲಿದ್ದ ಗೇಣಿ ರಸೀದಿ, ಹಂಚಿನ ಬಿಲ್ಲು, ಸಂಘದ ಪಾಸ್‌ಬುಕ್ಕು ಗುಜರಿಗೆ ಹೋಗುತ್ತವೆ. ಪ್ರಾಪರ್ಟಿ ಕಾರ್ಡ್ ಕೈಗೆ ಬಂದ ಮೇಲೆ ಹಳೆಯದು ಯಾಕೆ ಎಂದು ಎಸೆದವರೂ ಇದ್ದಾರೆ.

ಪೂರ್ತಿ ಕಳೆದುಹೋಗಿಲ್ಲ ಎಂಬುದನ್ನು ಬಂದವರಿಗೆಲ್ಲ ಹೇಳುತ್ತಿರುತ್ತೇನೆ. ನೋಂದಣಿಯಾದ ಚೀಟುಗಳ ಪ್ರತಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಒಂದನೇ ಪುಸ್ತಕದಲ್ಲಿರುತ್ತದೆ. ಸ್ಥಿರಾಸ್ತಿಯ ಪತ್ರಗಳನ್ನೆಲ್ಲ ಇಳಿಸುವ ಪುಸ್ತಕ ಅದು. ಅದಕ್ಕೆ ಎರಡು ಸೂಚಿಗಳು. ಒಂದನೆಯದರಲ್ಲಿ ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರು, ಎರಡನೆಯದರಲ್ಲಿ ಆಸ್ತಿಯ ವಿವರ. ಅಜ್ಜನ ಹೆಸರು, ಸರ್ವೆ ನಂಬರು, ಅಂದಾಜು ವರ್ಷ ಇಷ್ಟಿದ್ದರೆ ಅರ್ಜಿ ಹಾಕಿ ದೃಢೀಕೃತ ನಕಲು ತೆಗೆಸಬಹುದು. ಹಳೆಯ ಕೈಬರಹ ಓದಲು ಬಾರದಿದ್ದರೆ ನನ್ನ ಬಳಿ ತನ್ನಿ, ಓದಿ ಹೇಳುತ್ತೇನೆ. ಮನೆಯಲ್ಲಿ ಮೂಲಪತ್ರವೇ ಇದ್ದರೆ ಲ್ಯಾಮಿನೇಶನ್ ಮಾಡಿಸಬೇಡಿ. ಹತ್ತಿಬಟ್ಟೆಯಲ್ಲಿ ಸುತ್ತಿ, ಮಳೆಗಾಲ ಕಳೆದ ಮೇಲೆ ಒಮ್ಮೆ ಬಿಚ್ಚಿ ನೆರಳಿನಲ್ಲಿ ಗಾಳಿಗೆ ಹರಡಿ.