ಗೀಸರಿನೊಳಗಿನ ಚರಿತ್ರೆ



ಬಚ್ಚಲುಮನೆಯ ಗೋಡೆಯ ಮೇಲಿನ ಗೀಸರನ್ನು ತಾವು ದಿನವೂ ನೋಡುತ್ತೀರಿ. ಸ್ವಿಚ್ ಹಾಕಿ, ಸ್ನಾನ ಮುಗಿಸಿ, ಅದನ್ನು ಮರೆತುಬಿಡುತ್ತೀರಿ. ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನು ಹೀಗೆ ಮರೆಯುವಂತಿರಲಿಲ್ಲ. ಸೌದೆ ಒಟ್ಟಬೇಕಿತ್ತು, ಹೊಗೆ ಕುಡಿಯಬೇಕಿತ್ತು, ಹುಣಸೆಹಣ್ಣು ಹಚ್ಚಿ ತಿಕ್ಕಬೇಕಿತ್ತು. ಗೀಸರಿಗೂ ಆರೈಕೆ ಬೇಕು. ಏಕೆಂಬುದನ್ನು ಅದರ ಚರಿತ್ರೆಯೇ ಹೇಳುತ್ತದೆ.

ಮೊದಲು ಹೆಸರಿನ ವಿಚಾರ. ಐಸ್‌ಲ್ಯಾಂಡಿನಲ್ಲಿ ನೆಲದಿಂದ ಚಿಮ್ಮುವ ಬಿಸಿನೀರಿನ ಬುಗ್ಗೆಯೊಂದರ ಹೆಸರು ಗೇಸಿರ್. 1868ರಲ್ಲಿ ಲಂಡನ್ನಿನ ಬಣ್ಣಗಾರ ಬೆಂಜಮಿನ್ ವ್ಯಾಡಿ ಮಾನ್ ಎಂಬವರು ಗ್ಯಾಸಿನಿಂದ ನೀರು ಕಾಯಿಸುವ ಯಂತ್ರ ಮಾಡಿ ಅದಕ್ಕೆ ಗೀಸರ್ ಎಂದು ಕರೆದರು. ಆದರೆ ಹೊಗೆ ಹೊರಹೋಗಲು ಅದಕ್ಕೆ ಕೊಳವೆಯೇ ಇರಲಿಲ್ಲ. ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿಸುವವರು ಇಂದಿಗೂ ಅದೇ ತಪ್ಪು ಮಾಡುತ್ತಿದ್ದಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇನ್ನು ವಿದ್ಯುತ್ತು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಬಂದಿತು. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿದ ಲೋಹಕ್ಕೆ ಪೇಟೆಂಟ್ ಪಡೆದರು. ಕೆಂಪಗೆ ಕಾದರೂ ಬೇಗ ಸುಟ್ಟುಹೋಗದ ಈ ತಂತಿಯೇ ಗೀಸರಿನ ಕಾಯಿಲಿನೊಳಗೆ ಇರುವುದು. ಬೋರ್‌ವೆಲ್ ನೀರಿನ ಸುಣ್ಣ ಕಾಯಿಲಿನ ಮೇಲೆ ಪದರ ಕಟ್ಟಿದರೆ ಶಾಖ ನೀರಿಗೆ ದಾಟುವುದಿಲ್ಲ. ನೀರು ಕಾಯಲು ತಡವಾಗುತ್ತಿದ್ದರೆ, ಒಳಗೆ ಗೊರಗೊರ ಸದ್ದು ಬರುತ್ತಿದ್ದರೆ ಮೆಕ್ಯಾನಿಕ್‌ನನ್ನು ಕರೆಸಿ ಕಾಯಿಲ್ ತೆಗೆಸಿ ಶುಚಿ ಮಾಡಿಸಿ. ನಲ್ಲಿ ಮುಟ್ಟಿದಾಗ ಕೈ ಜುಮ್ಮೆಂದರೆ ಮಾತ್ರ ತಡಮಾಡದೆ ಮೈನ್ ಸ್ವಿಚ್ ಆರಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸುವ ತನಕ ಗೀಸರ್ ಹಾಕಬೇಡಿ.

ಉಕ್ಕಿನ ಟ್ಯಾಂಕಿನೊಳಗೆ ಮೆಗ್ನೀಸಿಯಂ ಸರಳೊಂದು ಇರುತ್ತದೆ. ಇದರ ಮೂಲ ಹಡಗಿನಲ್ಲಿದೆ ಎಂದರೆ ತಾವು ನಂಬುವುದು ಕಷ್ಟ! ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳದ ತಾಮ್ರದ ಹೊದಿಕೆಯನ್ನು ಉಪ್ಪುನೀರು ತಿನ್ನುತ್ತಿತ್ತು. ತಾಮ್ರಕ್ಕೆ ಕಬ್ಬಿಣದ ಅಥವಾ ಸತುವಿನ ತುಂಡು ಜೋಡಿಸಿದರೆ ಆ ತುಂಡು ಸವೆದು ತಾಮ್ರ ಉಳಿಯುತ್ತದೆಂದು 1824ರಲ್ಲಿ ಹಂಫ್ರಿ ಡೇವಿ ತೋರಿಸಿದರು. ತಾಮ್ರವೇನೋ ಉಳಿಯಿತು. ಆದರೆ ಅದಕ್ಕೆ ಪಾಚಿ, ಚಿಪ್ಪುಹುಳು ಮೆತ್ತಿಕೊಂಡು ಹಡಗಿನ ವೇಗವೇ ಕುಗ್ಗಿತು. ನೌಕಾಪಡೆ ಅದನ್ನು ಕೈಬಿಟ್ಟಿತು. ನಮ್ಮ ಗೀಸರಿಗೆ ಆ ತೊಂದರೆಯಿಲ್ಲ. ಸರಳು ತಾನು ಕರಗಿ ಟ್ಯಾಂಕನ್ನು ಕಾಯುತ್ತದೆ. ವರ್ಷಕ್ಕೊಮ್ಮೆ ತೆಗೆಸಿ ನೋಡಿ; ನಡುವಿನ ತಂತಿ ಕಾಣುತ್ತಿದ್ದರೆ ಬದಲಾಯಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸೇಫ್ಟಿ ವಾಲ್ವ್. 17ನೇ ಶತಮಾನದಲ್ಲಿ ಫ್ರಾನ್ಸಿನ ದೆನಿ ಪಾಪಿನ್ ತಮ್ಮ ಆವಿಪಾತ್ರೆ ಸಿಡಿಯದಿರಲೆಂದು ಮಾಡಿದ ಉಪಾಯವಿದು. 15 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಸುಮಾರು 200 ಮಿಲಿಲೀಟರಿನಷ್ಟು, ಅಂದರೆ ಒಂದು ಲೋಟದಷ್ಟು, ಹಿಗ್ಗುತ್ತದೆ. ಆಗ ವಾಲ್ವಿನಿಂದ ನಾಲ್ಕು ಹನಿ ಬೀಳುವುದು ಸಹಜ. (ಗೀಸರ್ ಆರಿಸಿದ ಮೇಲೂ ಸೋರುತ್ತಲೇ ಇದ್ದರೆ ವಾಲ್ವ್ ಬದಲಾಯಿಸಬೇಕು.) ನಮ್ಮ ಮನೆಯಲ್ಲಿ ಹೀಗೆ ಹನಿಯುತ್ತಿದ್ದಾಗ ರಿಪೇರಿಗೆ ಬಂದವರೊಬ್ಬರು ವಾಲ್ವಿನ ಬಾಯಿಗೆ ಬೋಲ್ಟ್ ಬಿಗಿದು, ‘ಇನ್ನು ಸೋರಲ್ಲ ಸಾರ್’ ಎಂದು ಹಣ ಪಡೆದು ಹೋದರು. ನಾನೂ ಸಂತೋಷಪಟ್ಟೆ!

ಆಮೇಲೆ ಓದಿದ್ದು ಇದು. 1982ರ ಜನವರಿ 19ರಂದು ಅಮೆರಿಕದ ಒಕ್ಲಹೋಮ ರಾಜ್ಯದ ಸ್ಪೆನ್ಸರ್ ಎಂಬ ಊರಿನ ಸ್ಟಾರ್ ಪ್ರಾಥಮಿಕ ಶಾಲೆಯಲ್ಲಿ ಬಿಸಿನೀರಿನ ಟ್ಯಾಂಕ್ ಸಿಡಿಯಿತು. ಮಕ್ಕಳು ಊಟಕ್ಕೆ ಕುಳಿತ ಹೊತ್ತು. ಆರು ಮಕ್ಕಳು ಮತ್ತು ಒಬ್ಬ ಶಿಕ್ಷಕಿ ತೀರಿಕೊಂಡರು. ಶಾಖ ನಿಯಂತ್ರಿಸುವ ಭಾಗ ಕೆಟ್ಟಿತ್ತು; ಸೇಫ್ಟಿ ವಾಲ್ವ್ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ. ಮುಚ್ಚಿದ ಟ್ಯಾಂಕಿನಲ್ಲಿ ನೀರು 100 ಡಿಗ್ರಿ ದಾಟಿದರೂ ಕುದಿಯದು. ಟ್ಯಾಂಕ್ ಬಿರಿದ ಕ್ಷಣದಲ್ಲಿ ಒಮ್ಮೆಲೇ ಆವಿಯಾಗುತ್ತದೆ, ಮತ್ತು ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ ಅದಕ್ಕೆ 1600 ಲೀಟರಿಗೂ ಹೆಚ್ಚು ಜಾಗ ಬೇಕು.

ಮರುದಿನವೇ ಬೇರೊಬ್ಬರನ್ನು ಕರೆಸಿ ಆ ಬೋಲ್ಟ್ ತೆಗೆಸಿದೆ. ವಾಲ್ವ್ ಈಗಲೂ ಬೆಳಿಗ್ಗೆ ನಾಲ್ಕು ಹನಿ ಬೀಳಿಸುತ್ತದೆ. ಕೆಳಗೊಂದು ಚೊಂಬು ಇಟ್ಟಿದ್ದೇವೆ.