ಎಂಟು ನಿಮಿಷದ ರೀಲು

ಮೊನ್ನೆ ಶನಿವಾರ ರಾತ್ರಿ ನಿದ್ದೆ ಬರದೆ ಲ್ಯಾಪ್‌ಟಾಪಿನಲ್ಲಿ ಎರಡನೇ ಮಹಾಯುದ್ಧದ ಹಳೆಯ ಫಿಲ್ಮುಗಳನ್ನು ನೋಡ್ತಾ ಕೂತಿದ್ದೆ. ನನಗಿದು ಹಳೇ ಚಟ. ಹಡಗು ಮುಳುಗೋದು, ವಿಮಾನ ಉರಿದು ಬೀಳೋದು, ಇವನ್ನೆಲ್ಲ ನೋಡಿ ನೋಡಿ ಕಣ್ಣು ಜಡ್ಡುಗಟ್ಟಿದೆ. ಅವತ್ತು ಸಿಕ್ಕ ಎಂಟು ನಿಮಿಷದ ಬಣ್ಣದ ರೀಲಿನಲ್ಲಿ ಮಾತ್ರ ಯುದ್ಧವೇ ಇರಲಿಲ್ಲ. ವಿಮಾನವಾಹಕ ಹಡಗಿನ ಡೆಕ್ಕು, ವಿಮಾನಗಳ ಪಕ್ಕ ಇಬ್ಬಿಬ್ಬರಾಗಿ ನಿಂತ ಹುಡುಗರು. ನಮ್ಮ ಆಫೀಸಿಗೆ ಹೊಸದಾಗಿ ಸೇರೋ ಹುಡುಗರ ವಯಸ್ಸು. ಕ್ಯಾಮೆರಾ ಮುಂದೆ ಹೇಗೆ ನಿಲ್ಲಬೇಕು ಅಂತ ಗೊತ್ತಾಗದೆ ಸುಮ್ಮನೆ ನಗ್ತಾರೆ. ಅಷ್ಟೇ.

ಅವರು ಅಮೆರಿಕದ ನೌಕಾಪಡೆಯ ಎಂಟನೇ ಟಾರ್ಪೆಡೊ ದಳದವರು. 1942ರ ಜೂನ್ 4ರ ಬೆಳಗ್ಗೆ, ಮಿಡ್‌ವೇ ಕದನದಲ್ಲಿ, ಹಾರ್ನೆಟ್ ಹಡಗಿನಿಂದ ಈ ದಳದ 15 ವಿಮಾನಗಳು ಹೊರಟವು. ಒಟ್ಟು 30 ಜನ. ಡೆವಾಸ್ಟೇಟರ್ ಅನ್ನೋ ಆ ವಿಮಾನ ಆಗಲೇ ಹಳತಾಗಿತ್ತು, ನಿಧಾನ. ಟಾರ್ಪೆಡೊ ಬಿಡಬೇಕೆಂದರೆ ನೀರಿಗೆ ಹತ್ತಿರ, ನೇರವಾಗಿ ಹೋಗಲೇಬೇಕು. ಕಾವಲಿಗೆ ಬರಬೇಕಿದ್ದ ಫೈಟರ್ ವಿಮಾನಗಳು ಜೊತೆಯಲ್ಲಿರಲಿಲ್ಲ. ಜಪಾನಿನ ಹಡಗುಗಳ ಹತ್ತಿರ ಮುಟ್ಟುವಷ್ಟರಲ್ಲಿ ಹದಿನೈದೂ ನೀರುಪಾಲು. 29 ಜನ ಸತ್ತರು. ಒಂದು ಟಾರ್ಪೆಡೊ ಕೂಡ ಗುರಿ ತಾಗಲಿಲ್ಲ.

ಇವರು ಜಪಾನಿನ ಫೈಟರ್‌ಗಳನ್ನು ಕೆಳಕ್ಕೆ ಎಳೆದುಕೊಂಡಿದ್ದರಿಂದಲೇ ಮೇಲಿನಿಂದ ಬಂದ ಡೈವ್ ಬಾಂಬರ್‌ಗಳಿಗೆ ದಾರಿ ಸಿಕ್ಕಿತು ಅಂತ ಬಹಳ ಪುಸ್ತಕಗಳಲ್ಲಿದೆ. ಓದೋಕೆ ಚೆನ್ನಾಗಿದೆ, ಸಾವಿಗೆ ಒಂದು ಅರ್ಥ ಸಿಗುತ್ತೆ. ಆದರೆ ಗಡಿಯಾರ ಒಪ್ಪುವುದಿಲ್ಲ. ಎರಡು ದಾಳಿಗಳ ನಡುವೆ ಸುಮಾರು ಒಂದು ಗಂಟೆ ಅಂತರವಿದೆ. ಅಷ್ಟು ಹೊತ್ತಿನಲ್ಲಿ ಫೈಟರ್‌ಗಳು ಆರಾಮಾಗಿ ಮತ್ತೆ ಮೇಲೇರಬಹುದಿತ್ತು.

ಅದೇ ದಿನ ಬೆಳಗ್ಗೆ ಮಿಡ್‌ವೇ ದ್ವೀಪದ ವಿದ್ಯುತ್ ಸ್ಥಾವರದ ಚಾವಣಿ ಮೇಲೆ 48 ವರ್ಷದ ಒಬ್ಬ ಮನುಷ್ಯ 16 ಎಂಎಂ ಕ್ಯಾಮೆರಾ ಹಿಡಿದು ನಿಂತಿದ್ದ. ಹೆಸರು ಜಾನ್ ಫೋರ್ಡ್. ಅಷ್ಟರಲ್ಲೇ ಮೂರು ಸಲ ಅತ್ಯುತ್ತಮ ನಿರ್ದೇಶಕ ಆಸ್ಕರ್ ಗೆದ್ದಿದ್ದ ಹಾಲಿವುಡ್ ದೊರೆ, ಈಗ ನೌಕಾಪಡೆಯ ಅಧಿಕಾರಿ. ಬಾಂಬಿನ ಚೂರು ತೋಳಿಗೆ ಬಡಿಯಿತು. ಸ್ಫೋಟಕ್ಕೆ ಕ್ಯಾಮೆರಾ ಅದುರಿ ಫಿಲ್ಮು ಹಲ್ಲಿನಿಂದ ಜಾರಿತು. ತೆರೆಯ ಮೇಲೆ ಚಿತ್ರ ಕುಪ್ಪಳಿಸುತ್ತೆ, ಎರಡು ಫ್ರೇಮುಗಳ ನಡುವಿನ ಗೆರೆ ಕಾಣುತ್ತೆ. ಸ್ಟುಡಿಯೋದಲ್ಲಾಗಿದ್ದರೆ ಕತ್ತರಿಸಿ ಬಿಸಾಡುತ್ತಿದ್ದ ಆ ಫ್ರೇಮುಗಳನ್ನು ಫೋರ್ಡ್ ಹಾಗೇ ಉಳಿಸಿಕೊಂಡ. ಫಿಲ್ಮು ಕೊಡಕ್‌ನ ಕೊಡಕ್ರೋಮ್. ಕತ್ತಲಲ್ಲಿ ಜೋಪಾನ ಮಾಡಿದರೆ ದಶಕಗಟ್ಟಲೆ ಬಣ್ಣ ಮಾಸೋದಿಲ್ಲ. ಹಾಗಾಗಿಯೇ ಆ ಸಮುದ್ರ ಇವತ್ತಿಗೂ ಅಷ್ಟು ನೀಲಿ, ಹೊಗೆ ಅಷ್ಟು ಕಪ್ಪು.

ಫೋರ್ಡ್ ಅದರಿಂದ 18 ನಿಮಿಷದ 'ದಿ ಬ್ಯಾಟಲ್ ಆಫ್ ಮಿಡ್‌ವೇ' ಮಾಡಿದ. ಥಿಯೇಟರುಗಳಲ್ಲಿ ಓಡಿತು, ಆಸ್ಕರ್ ಬಂತು. ಅದರಲ್ಲಿ ಒಬ್ಬ ತಾಯಿಯ ದನಿ ಇದೆ. ತೆರೆ ಮೇಲೆ ಬಂದ ಪೈಲಟ್ ಹುಡುಗನನ್ನು ಗುರುತು ಹಿಡಿಯೋದು, ಗಾಯಾಳುಗಳನ್ನು ಬೇಗ ಆಸ್ಪತ್ರೆಗೆ ಸೇರಿಸಿ ಅಂತ ಗೋಗರೆಯೋದು ಅದೇ ದನಿ. ಆ ದನಿ ಜೇನ್ ಡಾರ್ವೆಲ್ ಅವರದು. ಫೋರ್ಡ್‌ನ 'ದಿ ಗ್ರೇಪ್ಸ್ ಆಫ್ ರಾತ್'ನಲ್ಲಿ ತಾಯಿಯ ಪಾತ್ರ ಮಾಡಿ ಆಸ್ಕರ್ ಗೆದ್ದ ನಟಿ. ನಿಜ ಹೇಳಬೇಕಂದ್ರೆ ನನಗೆ ಆ ಜಾಗದಲ್ಲಿ ಕಿರಿಕಿರಿ ಆಗುತ್ತೆ. ಇಷ್ಟು ನಿಜವಾದ ಫಿಲ್ಮಿಗೆ ಬಾಡಿಗೆ ಅಮ್ಮ ಯಾಕೆ?

ಆದರೆ ಅದೇ ಫೋರ್ಡ್ ಇನ್ನೊಂದು ಕೆಲಸವನ್ನೂ ಮಾಡಿದ. ಯುದ್ಧಕ್ಕೆ ಮುಂಚೆ ಅವನ ತಂಡದವರು ಹಾರ್ನೆಟ್ ಮೇಲೆ ಆ ಟಾರ್ಪೆಡೊ ದಳವನ್ನು ಚಿತ್ರೀಕರಿಸಿದ್ದರು. ಹುಡುಗರು ವಾಪಸ್ ಬರಲಿಲ್ಲ ಅಂತ ತಿಳಿದ ಮೇಲೆ ಅದನ್ನೆಲ್ಲ ಜೋಡಿಸಿ ನಾನು ನೋಡಿದ ಎಂಟು ನಿಮಿಷದ ರೀಲು ಮಾಡಿದರು. ಅದರ ಪ್ರತಿಗಳನ್ನು 8 ಎಂಎಂಗೆ ಇಳಿಸಿ ಸತ್ತವರ ಮನೆಗಳಿಗೆ ಕಳಿಸಿಕೊಟ್ಟರು. 8 ಎಂಎಂ ಅಂದರೆ ಮನೆಮಂದಿ ಹುಟ್ಟುಹಬ್ಬ, ಪಿಕ್ನಿಕ್ಕು ತೆಗೀತಿದ್ದ ಅಳತೆ. ಗೋಡೆಗೊಂದು ಬಿಳಿ ಬಟ್ಟೆ ಕಟ್ಟಿ, ದೀಪ ಆರಿಸಿ ನೋಡೋದು. ಇಲ್ಲಿ ಯಾವ ನಟಿಯೂ ತಾಯಿಯಾಗಬೇಕಿರಲಿಲ್ಲ. ನಿಜವಾದ ತಾಯಂದಿರೇ ಕತ್ತಲಲ್ಲಿ ಕೂತಿದ್ದರು.

ನನ್ನ ಫೋನಿನಲ್ಲಿ ಸಾವಿರಾರು ವಿಡಿಯೋ ಇವೆ. ಅಪ್ಪನದು ಒಂದೇ, ಹನ್ನೊಂದು ಸೆಕೆಂಡಿನದು. ಅದರಲ್ಲಿ ಅಪ್ಪ ಮುಖದ ಮುಂದೆ ಕೈ ಅಡ್ಡ ಹಿಡಿದು "ಸಾಕು ನಿಲ್ಸೋ" ಅಂತಾರೆ. ಅಪ್ಪ ಹೋದ ವರ್ಷ ಅದನ್ನ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಹಾಗಾಗಿ ಆ 8 ಎಂಎಂ ಫಿಲ್ಮು ಮನೆಮನೆಗಳಲ್ಲಿ ಎಷ್ಟು ಸಲ ಸುತ್ತಿ ಸುತ್ತಿ ಸವೆದಿರಬಹುದು ಅಂತ ಅವತ್ತು ರಾತ್ರಿ ಯೋಚಿಸ್ತಾ ಇದ್ದೆ. ಯಾವುದೋ ತಾಯಿ ಡಬ್ಬಿಯನ್ನೇ ತೆಗೆಯದೆ ಬೀರುವಿನಲ್ಲಿಟ್ಟಿರಲೂಬಹುದು.

ಉಳಿದ ಆ ಒಬ್ಬನ ಹೆಸರು ಜಾರ್ಜ್ ಗೇ. ವಿಮಾನ ಬಿದ್ದ ಮೇಲೆ ಸೀಟಿನ ಕುಶನ್ ಮರೆಯಲ್ಲಿ ತಲೆ ಅಡಗಿಸಿಕೊಂಡು ತೇಲುತ್ತಾ ಯುದ್ಧ ನೋಡಿದ. ಮರುದಿನ ರಕ್ಷಣಾ ವಿಮಾನವೊಂದು ಎತ್ತಿಕೊಂಡಿತು. ಆಮೇಲೆ ಐವತ್ತು ವರ್ಷಕ್ಕೂ ಹೆಚ್ಚು ಬದುಕಿದ. 1994ರಲ್ಲಿ ತೀರಿಕೊಂಡಾಗ ಅವನ ಬೂದಿಯನ್ನು ಮಿಡ್‌ವೇ ಸಮುದ್ರಕ್ಕೇ ತಂದು, ಅವನ ದಳ ದಾಳಿ ಮಾಡಿದ ಜಾಗದಲ್ಲಿ ಬಿಟ್ಟರು.